ಅನ್ನದ ಉಂಡೆ ಪುಟಿಯಿತು

೨೪ ಜುಲೈ ೨೦೨೫, ಗುರುವಾರ. ಖಡಕಿ.

ಪ್ರಣವ ಇಂದು ತರಗತಿಯಲ್ಲಿ ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದ ಹೆಸರು ನನ್ನದೇ.

ಒಂಬತ್ತನೇ ತರಗತಿಗೆ ವಿಜ್ಞಾನದ ಹೋಮ್‌ವರ್ಕ್ ಕೊಟ್ಟಿದ್ದೆ: ಮನೆಯವರ ವಾಟ್ಸಾಪ್‌ಗೆ ಬಂದ ಒಂದು ಸಂದೇಶ ಆರಿಸಿ, ಅದು ನಿಜವೋ ಸುಳ್ಳೋ ಪ್ರಯೋಗ ಮಾಡಿ ನೋಡಿ. ಪ್ರಣವ ತಾಯಿಯ ಫೋನ್ ತಂದಿದ್ದ. ಅನ್ನದ ಉಂಡೆ ನೆಲಕ್ಕೆ ಎಸೆದಾಗ ಪುಟಿದರೆ ಅದು ಪ್ಲಾಸ್ಟಿಕ್ ಅಕ್ಕಿ ಎಂಬ ಸಂದೇಶ. ಅಂಗಡಿಯ ಅಕ್ಕಿಯದೊಂದು, ಬೆಳಗಾವಿಯ ಅಜ್ಜನ ಗದ್ದೆಯ ಅಕ್ಕಿಯದೊಂದು ಉಂಡೆ ಕಟ್ಟಿದ್ದ. ಎರಡೂ ಪುಟಿದವು! ಮಕ್ಕಳು ಚಪ್ಪಾಳೆ ತಟ್ಟಿ, ಕಳಿಸಿದವರು ಯಾರೆಂದು ಕೇಳಿದರು. ಅವನು ಫೋನಿನ ಪರದೆಯ ಮೇಲಿದ್ದ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ.

ಗಂಟೆ ಹೊಡೆದ ಮೇಲೆ ಹತ್ತಿರ ಬಂದು, ಬೇರೆ ಮಕ್ಕಳಿಗೆ ತಿಳಿಯದಂತೆ ಕನ್ನಡದಲ್ಲಿ ಅಂದ: “ಟೀಚರ್, ಇದು ಪಾಲಕರ ಗ್ರೂಪಿಗೆ ನೀವ ಹಾಕಿದ್ರಿ. ನಮ್ಮವ್ವ ಆವತ್ತಿಂದ ನಮ್ಮನಿ ಕೆಳಗಿನ ಅಂಗಡ್ಯಾಗ ಅಕ್ಕಿ ತಗೊಳ್ಳೋದ ಬಿಟ್ಟಾಳ್ರಿ.”

ಆ ಅಂಗಡಿಯವರ ಮುಖವೂ ನನಗೆ ಗೊತ್ತಿಲ್ಲ. ಅದೇ ಹೆಚ್ಚು ಚುಚ್ಚುತ್ತಿದೆ. ಒಂದು ಕ್ಷಣವೂ ಯೋಚಿಸದೆ ಕಳಿಸಿಬಿಟ್ಟಿದ್ದೆ; ಕಳಿಸಿದ್ದೂ ಮರೆತುಹೋಗಿತ್ತು.

ಸಂಜೆ ಅದೇ ಗ್ರೂಪಿನಲ್ಲಿ, ಎಲ್ಲ ಪಾಲಕರಿಗೂ ತಿಳಿಯಲೆಂದು ಮರಾಠಿಯಲ್ಲಿ ಬರೆದೆ: ನಾನು ಕಳಿಸಿದ್ದು ಸುಳ್ಳು, ಪ್ರಣವ ತೋರಿಸಿಕೊಟ್ಟ, ಕ್ಷಮಿಸಿ. ಎರಡು ಸಲ ಅಳಿಸಿ, ಮೂರನೇ ಸಲ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನ ತಾಯಿ ಸುರಭಿಯವರ ಧ್ವನಿ ಸಂದೇಶ ಬಂತು: “ಇರ್ಲಿ ಬಿಡ್ರಿ ಟೀಚರ್. ನಾಳೆ ಅಂಗಡಿಗೆ ಹೋಗಿ ನಾನ ಅವರಿಗೆ ಹೇಳ್ತೇನ್ರಿ.”

ನಾನೂ ಬರುತ್ತೇನೆ ಎಂದು ಬರೆದೆ. ಬರೆದ ಮೇಲೆ ಮನಸ್ಸು ಹಗುರಾಯಿತು. ಆದರೆ ಮಾತು ಹೇಗೆ ಶುರು ಮಾಡುವುದು? ಮೊದಲು ಎರಡು ಕಿಲೋ ಅಕ್ಕಿ ಕೇಳಿ, ಆಮೇಲೆ ಆ ಸುಳ್ಳು ಸಂದೇಶ ಕಳಿಸಿದ್ದು ನಾನೇ ಎಂದು ಹೇಳಿಬಿಡುತ್ತೇನೆ.