ಬುಟ್ಟಿ ಸುರಿಯದೆ ಮೂರನೇ ಸಲ ಕೂಗಬೇಡಿ

ಬಾಯಿಗೂ ಗಂಟಲಿಗೂ ಏಕಕಾಲಕ್ಕೆ ಒಡೆಯರಾದ ಆಸ್ಪತ್ರೆಯ ನಿರ್ದೇಶಕರೇ,

ನನ್ನ ಗಂಡನ ನಾಲಿಗೆಯಿಂದ ತೆಗೆದ ಒಂದೇ ಚೂರನ್ನು ನಿಮ್ಮ ಇಬ್ಬರು ತಜ್ಞರು ಪರೀಕ್ಷಿಸಿದ್ದಾರೆ. ಒಬ್ಬರು ಕ್ಯಾನ್ಸರ್ ಎಂದಿದ್ದಾರೆ, ಇನ್ನೊಬ್ಬರು ಅಲ್ಲ ಎಂದಿದ್ದಾರೆ. ಇಬ್ಬರ ಕೋಣೆಗಳೂ ಒಂದೇ ಕಾರಿಡಾರಿನಲ್ಲಿ ಎದುರುಬದುರಾಗಿವೆ. ಆದರೂ ಈ ವಿಷಯವಾಗಿ ಅವರು ಪರಸ್ಪರ ಒಂದು ಮಾತನ್ನೂ ಆಡಿಲ್ಲ. ಬರುವ ಸೋಮವಾರ ಆ ನಾಲಿಗೆಯ ಅರ್ಧಭಾಗವನ್ನು ಕತ್ತರಿಸಬೇಕೋ ಬೇಡವೋ ಎಂದು ನಾವು ಗಂಡ ಹೆಂಡತಿ ಕೂತು ತೀರ್ಮಾನಿಸಿ ಸಹಿ ಹಾಕಬೇಕಂತೆ. ನನ್ನ ಗಂಡ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಮನೆಯಲ್ಲಿ ಸೂಕ್ಷ್ಮದರ್ಶಕವಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲಿಗೆ ಅದು ಬಟಾಣಿ ಕಾಳಿನಷ್ಟು ಗಂಟು. ನೋವಿಲ್ಲ, ರಕ್ತವಿಲ್ಲ, ನಾಲಿಗೆಯ ಹಿಂಬದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ನೆಲಮಹಡಿಯ ಬಾಯಿ ವಿಭಾಗದಲ್ಲಿ ತೋರಿಸಿದೆವು. "ತುಂಬಾ ಹಿಂದಕ್ಕಿದೆಯಲ್ಲಮ್ಮ, ಇದು ಗಂಟಲಿನೋರದ್ದು" ಎಂದರು. ಮೇಲಿನ ಮಹಡಿಯ ಗಂಟಲು ವಿಭಾಗಕ್ಕೆ ಹತ್ತಿದೆವು. "ನಾಲಿಗೆ ಮೇಲಿದೆ, ಬಾಯಿಯೋರು ನೋಡ್ಲಿ" ಎಂದರು. ನಾಲಿಗೆಗೂ ಒಂದು ಗಡಿ ಇದೆ, ಅದರ ಮುಂದಿನದು ಒಬ್ಬರ ಸುಪರ್ದಿಗೆ, ಹಿಂದಿನದು ಇನ್ನೊಬ್ಬರ ಸುಪರ್ದಿಗೆ ಸೇರಿದ್ದು ಎಂದು ಆವರೆಗೆ ನಮಗೆ ಗೊತ್ತಿರಲಿಲ್ಲ. ಗಂಟಿಗಾದರೂ ಗೊತ್ತಿರಬೇಕಿತ್ತು. ಅದು ಸರಿಯಾಗಿ ಗಡಿಯ ಮೇಲೆಯೇ ಕೂತುಬಿಟ್ಟಿತ್ತು. ನಾವು ಮೆಟ್ಟಿಲು ಹತ್ತಿ ಇಳಿದು ಸುಸ್ತಾದೆವು, ಗಂಟು ಮಾತ್ರ ಆರಾಮಾಗಿ ಬೆಳೆಯುತ್ತಾ ಹೋಯಿತು.

ಎರಡೂ ಮಹಡಿಯವರು ಒಮ್ಮತದಿಂದ ಕೇಳಿದ ಪ್ರಶ್ನೆ ಒಂದೇ. "ತಂಬಾಕು ಎಷ್ಟು ವರ್ಷದಿಂದ?"

"ಮುಟ್ಟಿಲ್ಲ ಡಾಕ್ಟ್ರೇ."

"ಎಲ್ಲರೂ ಹೀಗೇ ಹೇಳೋದು."

ದಿನವಿಡೀ ಕೂಗುವ ಬಾಯಿಗೆ ತಂಬಾಕು ತುರುಕಲು ಪುರುಸೊತ್ತೆಲ್ಲಿ ಎಂದು ಇವರು ನಗುತ್ತಲೇ ಹೇಳಿದರು. ಯಾರೂ ನಗಲಿಲ್ಲ. ಕೆಟ್ಟ ಚಟವಿಲ್ಲದವನಿಗೆ ಗಂಟು ಬಂದರೆ ಅವನು ಸುಳ್ಳುಗಾರನೇ ಇರಬೇಕು ಎಂಬುದು ಯಾವ ಪುಸ್ತಕದಲ್ಲಿದೆ, ಮಾನ್ಯರೇ?

ಕೊನೆಗೂ ಗಂಟಿನ ಮೇಲ್ಪದರದಿಂದ ಒಂದು ಚೂರು ತೆಗೆದರು. ಗಂಟು ಯಾರದ್ದೆಂದು ಇತ್ಯರ್ಥವಾಗದ ಕಾರಣ ಚೂರು ಒಂದೇ ಕಾರಿಡಾರಿನಲ್ಲಿರುವ ಎರಡೂ ವಿಭಾಗಗಳ ಪ್ರಯೋಗಾಲಯಗಳಿಗೆ ಹೋಯಿತು. ಒಂದು ಬಾಗಿಲಿನವರು, ಇದು ಕ್ಯಾನ್ಸರ್, ಅರ್ಧ ನಾಲಿಗೆಯ ಜೊತೆಗೆ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕು ಎಂದು ಬರೆದರು. ಎದುರಿನವರು, ಇದು ಬಹಳ ಅಪರೂಪದ ನಿರುಪದ್ರವಿ ಗಂಟು ಇರಬಹುದು ಎಂದರು. ಅದರ ಮೇಲಿನ ಪದರ ದಪ್ಪಗಾಗಿ ಕ್ಯಾನ್ಸರಿನಂತೆಯೇ ಕಾಣುವುದುಂಟಂತೆ. ಹಾಗಿದ್ದರೆ ಗಂಟನ್ನಷ್ಟೇ ತೆಗೆದರೆ ಸಾಕು, ಆದರೆ ಖಚಿತವಾಗಬೇಕಾದರೆ ಇನ್ನೂ ಆಳದ ಚೂರು ಬೇಕು ಎಂದೂ ಬರೆದರು. ಆಳದ ಚೂರನ್ನು ಇವತ್ತಿನವರೆಗೆ ಯಾರೂ ತೆಗೆದಿಲ್ಲ. ಅದನ್ನು ತೆಗೆಯಬೇಕಾದವರು ಯಾರು ಎಂಬಲ್ಲಿಗೆ ನಾವು ಮತ್ತೆ ಗಡಿಗೇ ಬಂದು ನಿಂತಿದ್ದೇವೆ.

ಶಸ್ತ್ರಚಿಕಿತ್ಸಕರು ಎರಡೂ ವರದಿಗಳನ್ನು ನಮ್ಮ ಮುಂದಿಟ್ಟರು. "ಅಪರೂಪದ ಕೇಸು. ಎರಡೂ ಅಭಿಪ್ರಾಯ ನಿಮ್ಮ ಮುಂದಿದೆ. ಮನೇಲಿ ಮಾತಾಡ್ಕೊಂಡು ನೀವೇ ಹೇಳಿ" ಎಂದರು. ಸೌಮ್ಯವಾಗಿಯೇ ಹೇಳಿದರು. ಸೀರೆಯ ಬಣ್ಣ ಆರಿಸಿಕೊಳ್ಳಿ ಎನ್ನುವಾಗಲೂ ಅಂಗಡಿಯವರು ಅಷ್ಟೇ ಸೌಮ್ಯವಾಗಿರುತ್ತಾರೆ.

ಆಸ್ಪತ್ರೆಯ ಗೇಟಿನಲ್ಲಿ ಇವರು ಅಂದರು, "ನನ್ನ ನಾಲಿಗೇನೇ ಹರಾಜಿಗೆ ಬಿದ್ದಿದೆ ನೋಡೇ. ಒಬ್ಬರಿಗೆ ಚೂರು ಸಾಕು, ಇನ್ನೊಬ್ಬರಿಗೆ ಅರ್ಧ ಬೇಕು." ನಾನು ನಕ್ಕೆ, ಆಮೇಲೆ ರಸ್ತೆ ದಾಟಲಾಗದೆ ಅಲ್ಲೇ ನಿಂತುಬಿಟ್ಟೆ.

ಅಂದಿನಿಂದ ಇವರು ಸುಮ್ಮನೆ ಕೂರುತ್ತಿಲ್ಲ. ಎಂದೋ ಮಾತು ಬಿಟ್ಟಿದ್ದ ಷಡ್ಡಕನಿಗೆ ಫೋನ್ ಮಾಡುತ್ತಾರೆ. ಪತ್ರಿಕೆಯನ್ನು ಜಾಹೀರಾತಿನ ಸಮೇತ ಗಟ್ಟಿಯಾಗಿ ಓದುತ್ತಾರೆ. ಸಾಕು ಮಾಡಿ, ಗಂಟಲಾದರೂ ಆರಲಿ ಎಂದರೆ, "ಇರೋವರ್ಗೂ ಬಳಸ್ಕೋತೀನಿ ಬಿಡೇ" ಎನ್ನುತ್ತಾರೆ. ನಾನು ತರಗತಿಯಲ್ಲಿ ಅರ್ಧ ಲೆಕ್ಕ ಬರೆದು ಹಲಗೆಯ ಮುಂದೆ ಬೆಪ್ಪಾಗಿ ನಿಲ್ಲುತ್ತೇನೆ. ನನಗೆ ಭಯವಾಗಿದೆ. ಬೇಡವೆಂದು ಹೇಳಿ, ಅದು ಕ್ಯಾನ್ಸರೇ ಆಗಿದ್ದರೆ ಇವರನ್ನು ಕೈಯಾರೆ ಕಳೆದುಕೊಂಡವಳಾಗುತ್ತೇನೆ. ಆಗಲಿ ಎಂದು ಸಹಿ ಹಾಕಿ, ಅದು ಬರೀ ಗಂಟಾಗಿದ್ದರೆ ಇವರ ಮಾತನ್ನು ಸುಮ್ಮಸುಮ್ಮನೆ ಕತ್ತರಿಸಿ ಕೊಟ್ಟವಳಾಗುತ್ತೇನೆ. ಇವೆರಡರಲ್ಲಿ ಯಾವುದನ್ನು ನೀವು ನಿಮ್ಮ ಮನೆಯವರಿಗೆ ಆರಿಸುತ್ತೀರಿ?

ನಾನು ಎರಡೂ ಬಾಗಿಲು ತಟ್ಟಿದೆ. "ಅವರು ಕರೆದ್ರೆ ಹೋಗ್ತೀನಮ್ಮ" ಎಂದರು ಒಬ್ಬರು. "ಅವರು ಕೇಳಿದ್ರೆ ಹೇಳ್ತೀನಿ" ಎಂದರು ಇನ್ನೊಬ್ಬರು. ಮುನಿಸಿಕೊಂಡ ಬೀಗರ ನಡುವೆ ಸಿಕ್ಕಿಕೊಂಡವಳ ಹಾಗೆ ನಾನು ಕಾರಿಡಾರಿನಲ್ಲಿ ಆಚೆ ಈಚೆ ತಿರುಗಿದೆ. ಇಬ್ಬರೂ ಕೆಟ್ಟವರಲ್ಲ. ಇಂಥ ಗಂಟನ್ನು ಗುರುತಿಸುವುದು ಕಷ್ಟವೆಂದು ಇಬ್ಬರೂ ಒಪ್ಪಿದರು. ಕಷ್ಟದ ಕೆಲಸವನ್ನು ಇಬ್ಬರು ಕೂಡಿ ಮಾಡಬಾರದೆಂದು ನಿಯಮವೇನಾದರೂ ಇದೆಯೇ?

ನಿನ್ನೆ ಶಾಲೆಗೆ ರಜೆ ಹಾಕಿ, ಇವರು ಕೂಗುವುದನ್ನು ಕೇಳಲೆಂದು ಮಾರುಕಟ್ಟೆಗೆ ಹೋಗಿದ್ದೆ. ಇವರು ಹಳೆಯ ಮರದ ಪೆಟ್ಟಿಗೆಯ ಮೇಲೆ ನಿಂತು, ಟೊಮೇಟೊ ಬುಟ್ಟಿಯೊಂದನ್ನು ತೋರಿಸಿ "ಒಂದ್ಸಲ, ಎರಡ್ಸಲ" ಎಂದರು. ಅಷ್ಟರಲ್ಲಿ ಒಬ್ಬ ವ್ಯಾಪಾರಿ ತಳದಲ್ಲಿ ಕೊಳೆತಿದೆ ಎಂದ, ಇನ್ನೊಬ್ಬ ಇಲ್ಲವೆಂದ. ಇವರು ಮೂರನೆಯದನ್ನು ಕೂಗಲಿಲ್ಲ. ಪೆಟ್ಟಿಗೆಯಿಂದ ಇಳಿದು ಇಬ್ಬರನ್ನೂ ಹತ್ತಿರ ಕರೆದು, ಇಡೀ ಬುಟ್ಟಿಯನ್ನು ಅವರ ಕಣ್ಣೆದುರೇ ಗೋಣಿಯ ಮೇಲೆ ಸುರಿದರು. "ಇಬ್ರೂ ಬಗ್ಗಿ ನೋಡ್ರಪ್ಪ, ಆಮೇಲೆ ಹೇಳಿ." ಇಬ್ಬರೂ ಬಗ್ಗಿ ನೋಡಿದರು. ಆ ಮಾರುಕಟ್ಟೆಯಲ್ಲಿ ಇದು ದಿನನಿತ್ಯದ ಪದ್ಧತಿಯಂತೆ, ಅದೂ ಬರೀ ಟೊಮೇಟೊಗೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಯಂತ್ರ ಬೇಡ, ಕಟ್ಟಡ ಬೇಡ, ವಿಚಾರಣೆಯೂ ಬೇಡ. ಆಳದ ಚೂರನ್ನು ಯಾವ ಮಹಡಿಯವರು ಬೇಕಾದರೂ ತೆಗೆಯಲಿ. ಸೋಮವಾರಕ್ಕೆ ಮುಂಚೆ ಆ ಇಬ್ಬರು ತಜ್ಞರಲ್ಲಿ ಒಬ್ಬರು ತಮ್ಮ ಬಾಗಿಲು ತೆರೆದು ಕಾರಿಡಾರ್ ದಾಟಲಿ. ಒಂದೇ ಸೂಕ್ಷ್ಮದರ್ಶಕದ ಮುಂದೆ ಇಬ್ಬರೂ ಬಗ್ಗಿ ನೋಡಲಿ. ಅವರು ಏನೇ ಹೇಳಿದರೂ, ಅರ್ಧ ನಾಲಿಗೆ ಹೋಗಲೇಬೇಕು ಎಂದರೂ, ನಾವು ಸಹಿ ಹಾಕುತ್ತೇವೆ.

ಈ ಪತ್ರವನ್ನು ಇವರಿಗೆ ಓದಿ ಹೇಳಿದೆ. ಉದ್ದವಾಯಿತು, ಅಷ್ಟು ಹೊತ್ತು ಯಾರು ಕೇಳುತ್ತಾರೆ ಎಂದರು. ಆಮೇಲೆ, "ನೀನು ಓದಿದ್ದು ಸರಿಯಾಗಿಲ್ಲ, ಕೊಡಿಲ್ಲಿ" ಎಂದು ಕಿತ್ತುಕೊಂಡು, ಮೊದಲ ಸಾಲಿನಿಂದ ಗಟ್ಟಿಯಾಗಿ ತಾವೇ ಓದತೊಡಗಿದರು. ನಾನು ತಡೆಯಲಿಲ್ಲ.

ಇಂತಿ,
ಸಹಿ ಹಾಕಬೇಕಾದ ಜಾಗವೊಂದನ್ನು ಬಿಟ್ಟು ಬೇರೆಲ್ಲ ಕಡೆ ಬರೆಯುತ್ತಿರುವ,
ಹರಾಜು ಕೂಗುವವರ ಹೆಂಡತಿ