ಒಂಬತ್ತಕ್ಕೆ ಸೇತುವೆ ಹಾರುತ್ತೆ

ದಾವಣಗೆರೆ
17-9-1965, ಶುಕ್ರವಾರ

ಚಿರಂಜೀವಿ ಉಮಾಮಹೇಶ್ವರಿಗೆ ನಿನ್ನ ಅಪ್ಪ ಮಾಲತೇಶಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ಕೈ ಸೇರಿದವು. ಹದಿನೈದು ದಿನ ಉತ್ತರವಿಲ್ಲದೆ ಸತಾಯಿಸಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ, ನನಗೆ ಅದು ಸಲ್ಲಬೇಕಾದದ್ದೇ. ನಿಮ್ಮವ್ವನಿಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ಟ್ರೈನಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಊಟ ರುಚಿಸುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆ ಶೇಂಗಾ ಚಟ್ನಿಪುಡಿ ಕುಟ್ಟಿ ಇಟ್ಟಿದ್ದಾಳೆ. ಶಿವಮೊಗ್ಗದ ಕಡೆ ಯಾರಾದರೂ ಹೊರಟರೆ ಕಳಿಸುತ್ತೇನೆ.

ಲಡಾಯಿ ಶುರುವಾದಾಗಿನಿಂದ ನಮ್ಮೂರು ಊರಿನ ಹಾಗಿಲ್ಲ. ರೇಡಿಯೋ ಇರುವ ಹೋಟೆಲಿನ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಹೋದ ವಾರ ಶಾಮನೂರಿನ ಹೊಲದಲ್ಲಿ ವೈರಿಗಳು ಛತ್ರಿ ಕಟ್ಟಿಕೊಂಡು ಆಕಾಶದಿಂದ ಇಳಿದರು ಎಂದು ಜನ ದೊಣ್ಣೆ ಹಿಡಿದು ಓಡಿದರು. ಹೋಗಿ ನೋಡಿದರೆ ಬೆದರುಬೊಂಬೆಯ ಅಂಗಿ ಗಾಳಿಗೆ ಹಾರಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತ್ತು. ನಗಬೇಡ. ಆ ದೊಣ್ಣೆ ಹಿಡಿದವರೇ ಮಧ್ಯಾಹ್ನ ನಮ್ಮ ಟಾಕೀಸಿಗೆ ಬಂದು ಪಿಚ್ಚರಿನ ಗೂಢಚಾರನಿಗೆ ಶಿಳ್ಳೆ ಹೊಡೆಯುತ್ತಿದ್ದರು.

ನಮ್ಮ ಮಾಲೀಕರು ಉಜ್ಜನಪ್ಪನವರು ಈ ಹೊತ್ತು ನೋಡಿಯೇ ಒಂದು ಹಿಂದಿ ಪಿಚ್ಚರ್ ತರಿಸಿದ್ದರು. ಹಳೆಯ ಮಹಾಯುದ್ಧದ ಕಥೆ. ನಮ್ಮ ಕಡೆಯ ಗೂಢಚಾರ ವೈರಿಗಳ ಡ್ರೆಸ್ ಹಾಕಿಕೊಂಡು ಅವರ ದಂಡಿನೊಳಗೆ ಸೇರುತ್ತಾನೆ, ಗುಂಡು ತಪ್ಪಿಸಿಕೊಂಡು ಓಡುತ್ತಾನೆ, ಕೊನೆಗೆ ದೊಡ್ಡ ಸೇತುವೆಯೊಂದನ್ನು ಸಿಡಿಸುತ್ತಾನೆ. ಅಬ್ಬಬ್ಬಾ, ಆಗ ಜನ ಬೆಂಚಿನ ಮೇಲೆ ಹತ್ತಿ ನಿಂತು ಟವೆಲ್ ಬೀಸುತ್ತಿದ್ದರು! ಆಪರೇಟರ್ ಕೋಣೆಯ ಕಿಂಡಿಯಿಂದ ನೋಡಿ ನನಗೂ ಎದೆ ಉಬ್ಬುತ್ತಿತ್ತು.

ಪ್ರಿಂಟು ಒಂದೇ. ಮಧ್ಯಾಹ್ನದ ಆಟ ಇಲ್ಲಿ, ಸಂಜೆಯ ಆಟ ಹರಿಹರದ ಹೊಳೆದಂಡೆಯಲ್ಲಿರುವ ಉಜ್ಜನಪ್ಪನವರದೇ ಟೆಂಟಿನಲ್ಲಿ. ಇಲ್ಲಿ ಮುಗಿದ ಕೂಡಲೇ ನಿನ್ನ ಬಡೇಸಾಬ್ ಕಾಕಾ ರೀಲಿನ ಡಬ್ಬಿಗಳನ್ನು ಬಸ್ಸಿಗೆ ಹಾಕಿಕೊಂಡು ಅಲ್ಲಿಗೆ ಒಯ್ಯುತ್ತಾನೆ. ಜೊತೆಗೆ ಅಲ್ಲಿನ ಆಪರೇಟರಿಗೆ ನನ್ನದೊಂದು ಚೀಟಿ ಇರುತ್ತದೆ, ಎಲ್ಲಿ ಫಿಲ್ಮ್ ಹರಿದಿದೆ, ಎಲ್ಲಿ ಅಂಟಿಸಿದ್ದೇನೆ ಎಂದು. ನಾವು ಟಾಕೀಸಿನವರು ಚೀಟಿಯಲ್ಲಿ ರೀಲು ಎಂಬ ಮಾತನ್ನೇ ಬರೆಯುವುದಿಲ್ಲ, ಬರೀ ನಂಬರು. ಮೂರಕ್ಕೆ ಹಾಡು, ಐದಕ್ಕೆ ಬಿಡುವು, ಹೀಗೆ. ಮಂಗಳವಾರ ನಾನು ಬರೆದದ್ದು ಇಷ್ಟೇ: "ಒಂಬತ್ತಕ್ಕೆ ಸೇತುವೆ ಹಾರುತ್ತೆ. ಅಲ್ಲಿ ಹುಷಾರು. ಸದ್ದಾದ ಮೇಲೆ ದೀಪ ಹಾಕಬೇಡಿ."

ಒಂಬತ್ತನೇ ರೀಲಿನಲ್ಲಿ ಸೇತುವೆ ಸಿಡಿದ ಮೇಲೆ ಸ್ವಲ್ಪ ಹೊತ್ತು ಪರದೆ ಕಪ್ಪಾಗಿರುತ್ತದೆ. ಸೋಮವಾರ ಹರಿಹರದವರು ಪಿಚ್ಚರ್ ಮುಗಿಯಿತೆಂದು ದೀಪ ಹಾಕಿಬಿಟ್ಟರು. ಜನ ಎದ್ದು ಹೋಗಿ, ಆಮೇಲೆ ತಿಳಿದು ವಾಪಸ್ ಬಂದು ಜಗಳ ತೆಗೆದಿದ್ದರು. ಅದಕ್ಕೆ ಹಾಗೆ ಬರೆದೆ. ಬೇರೆಯವರ ಕೈಗೆ ಸಿಕ್ಕರೆ ಅದು ಹೇಗೆ ಕಾಣುತ್ತದೆ ಎಂದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ ಕಣವ್ವ.

ಬಡೇಸಾಬ್ ಡಬ್ಬಿ ಒಪ್ಪಿಸಿದ, ಚೀಟಿಯನ್ನು ಜೇಬಿನಲ್ಲೇ ಮರೆತ. ಹೊತ್ತು ಮುಳುಗುತ್ತಿತ್ತು, ನಮಾಜಿಗೆ ಮೊದಲು ಕೈಕಾಲು ತೊಳೆಯೋಣವೆಂದು ಹೊಳೆಗೆ ಇಳಿದ. ಇಳಿದದ್ದು ಹರಿಹರದ ದೊಡ್ಡ ಸೇತುವೆಯ ಬುಡದಲ್ಲಿ. ಲಡಾಯಿಯೆಂದು ಮೇಲೆ ಕಾವಲಿದ್ದವರು "ಯಾವನಲೇ ಅವ್ನು? ಏನ್ಲೇ ಮಾಡ್ತಿದೀ ಅಲ್ಲಿ?" ಎಂದು ಕೂಗಿದರಂತೆ. ಗಾಬರಿಯಾಗಿ ಓಡಿದ, ಪಾಪ. ಹಿಡಿದು ಜೇಬು ನೋಡಿದರೆ ಚೀಟಿ. ಸಾಬರ ಮನುಷ್ಯ, ಸೇತುವೆಯ ಬುಡ, ಒಂಬತ್ತಕ್ಕೆ ಹಾರುತ್ತೆ, ದೀಪ ಹಾಕಬೇಡಿ. ಇನ್ನೇನು ಬೇಕು? ಒಂಬತ್ತಕ್ಕೆ ಎಂದರೆ ಯಾರಾದರೂ ಒಂಬತ್ತು ಗಂಟೆಗೆ ಎಂದೇ ಓದುತ್ತಾರೆ. ಠಾಣೆ ಮುಟ್ಟುವ ಮೊದಲೇ ಜನ ಅವನ ಮೇಲೆ ಕೈ ಮಾಡಿದರು. ಹೊಳೆದಂಡೆಯ ಮನೆಯವರು ಮಕ್ಕಳನ್ನು ಎತ್ತಿಕೊಂಡು ಊರೊಳಗೆ ಓಡಿದರು. ಒಂಬತ್ತಾಯಿತು, ಏನೂ ಆಗಲಿಲ್ಲ. ಸಂಚು ತಪ್ಪಿತು, ಆದರೆ ಜೊತೆಗಾರರು ಇನ್ನೂ ಇದ್ದಾರೆ ಎಂದು ಈಗ ಮಾತು. ಆ ಚೀಟಿ ಬರೆದವನು ಯಾರು ಎಂದು ಹುಡುಕುತ್ತಿದ್ದಾರೆ.

ಉಜ್ಜನಪ್ಪನವರು ಬುಧವಾರ ಬೆಳಿಗ್ಗೆಯೇ ಪ್ರಿಂಟನ್ನು ರೈಲಿಗೆ ಹಾಕಿ ವಾಪಸ್ ಕಳಿಸಿ, ಎರಡೂ ಕಡೆಯ ಆಳುಗಳನ್ನು ಕೂರಿಸಿಕೊಂಡು ಹೇಳಿದರು: "ಚೀಟಿ ಗೀಟಿ ನಮಗ್ಯಾರಿಗೂ ಗೊತ್ತಿಲ್ಲ, ತಿಳೀತೇನ್ರಪ್ಪಾ? ಲೈಸೆನ್ಸ್ ಹೋದ್ರೆ ಎಲ್ರ ಹೊಟ್ಟೆಗೂ ತಣ್ಣೀರು ಬಟ್ಟೆ. ಬಾಯಿ ಬಿಡಬ್ಯಾಡ್ರಿ. ಲಡಾಯಿ ಮುಗಿದ್ರೆ ಅವ್ರೇ ಬಿಡ್ತಾರೆ ಅವನ್ನ." ನಾವೆಲ್ಲ ತಲೆಯಾಡಿಸಿದೆವು.

ಬೀದಿಯಲ್ಲಿ ಬೂಟಿನ ಸದ್ದಾದರೆ ದೀಪ ಆರಿಸುತ್ತೇನೆ. ಹಾಲಿನವನು ಬಾಗಿಲು ಬಡಿದರೂ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. "ಏನಾಗೈತ್ರಿ ನಿಮಗೆ? ದೆವ್ವ ಕಂಡೋರಂಗೆ ಆಡ್ತೀರಲ್ಲ" ಅಂದಳು ನಿಮ್ಮವ್ವ. ಹೊಟ್ಟೆ ಸರಿಯಿಲ್ಲ ಎಂದೆ. ಅವಳಿಗೆ ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ಓಣಿಗೆಲ್ಲ ಕೇಳುತ್ತದೆ.

ನಿನ್ನೆ ಬಡೇಸಾಬನ ಹೆಂಡತಿ ಮೆಹರ್ ಬಾನು ಮನೆಗೆ ಬಂದಳು. ಎರಡು ದಿನದಲ್ಲಿ ಮುಖ ಇಳಿದುಹೋಗಿದೆ. "ಅಣ್ಣಾರೆ, ನಿಮ್ಮ ಅಕ್ಷರ ಮುತ್ತಿನಂಗೆ ಐತೆ ಅಂತ ಅವ್ರು ಯಾವಾಗ್ಲೂ ಹೇಳ್ತಾರ್ರಿ. ಸಾಹೇಬ್ರಿಗೆ ಒಂದು ಅರ್ಜಿ ಬರ್ದು ಕೊಡ್ರಿ. ಒಯ್ದು ಕಾಲಿಗೆ ಬೀಳ್ತೀನಿ" ಅಂದಳು. ಅವರಿಬ್ಬರಿಗೂ ಓದುಬರಹ ಬಾರದು, ಇಪ್ಪತ್ತು ವರ್ಷದಿಂದ ಅವರ ಮನೆಯ ಕಾಗದಗಳನ್ನೆಲ್ಲ ನಾನೇ ಬರೆಯುತ್ತಿದ್ದೇನೆ. ಆದರೆ ಆ ಅರ್ಜಿ ಹೋಗಿ ಆ ಚೀಟಿಯ ಪಕ್ಕದಲ್ಲೇ ಕೂರುತ್ತದೆ. ಕೈ ಉಳುಕಿದೆ ತಂಗಿ, ಪೆನ್ನು ಹಿಡಿಯಲು ಆಗುವುದಿಲ್ಲ ಎಂದೆ. ಅವಳು ಥಟ್ಟನೆ ನಂಬಿಬಿಟ್ಟಳು. "ಅಕ್ಕಾ, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ರಿ, ಪಾಪ, ನೋಯ್ತಿರಬೇಕು" ಎಂದು ನಿಮ್ಮವ್ವನಿಗೆ ಹೇಳಿ ಹೋದಳು. ನಿಮ್ಮವ್ವ ಎಣ್ಣೆ ತಿಕ್ಕಿದಳು. ಸುಮ್ಮನೆ ಕೈ ಕೊಟ್ಟು ಕೂತಿದ್ದೆ.

ಅದಕ್ಕೇ ನಿನಗೆ ಬರೆಯುತ್ತಿರುವುದು. ಅರ್ಜಿಯನ್ನು ನೀನು ಬರೆದು ಕಳಿಸು, ನಿನ್ನ ಅಕ್ಷರದಲ್ಲಿ. ಬಡೇಸಾಬ್ ನಂಬಿಕಸ್ಥ ಆಳು, ನಿರಪರಾಧಿ ಎಂದಷ್ಟೇ ಇರಲಿ, ರೀಲಿನ ಮಾತು, ಚೀಟಿಯ ಮಾತು ಬೇಡ. ಮೆಹರ್ ಬಾನು ಹೆಬ್ಬೆಟ್ಟು ಒತ್ತುತ್ತಾಳೆ. ಈ ಕಾಗದ ಓದಿದ ತಕ್ಷಣ ಸುಟ್ಟುಬಿಡು, ಯಾರಿಗೂ ತೋರಿಸಬೇಡ.

ಚೆನ್ನಾಗಿ ಓದು. ಥಂಡಿಗಾಳಿಯಲ್ಲಿ ತಿರುಗಬೇಡ. ಹರಿಹರೇಶ್ವರ ನಿನ್ನನ್ನು ಕಾಪಾಡಲಿ, ನಿನಗೆ ನನಗಿಂತ ಗಟ್ಟಿ ಗುಂಡಿಗೆ ಕೊಡಲಿ.

ಇಂತಿ ನಿನ್ನ ಅಪ್ಪ,
ಮಾಲತೇಶಪ್ಪ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಮುಚ್ಚಿಟ್ಟಿದ್ದೆ. ಪೊಲೀಸರು ನನ್ನನ್ನು ಇನ್ನೂ ಕೇಳಿಲ್ಲ ಎಂದು ನೀನು ತಿಳಿದಿರುತ್ತೀಯ. ಬುಧವಾರ ಮಧ್ಯಾಹ್ನವೇ ಹರಿಹರದ ಠಾಣೆಗೆ ಕರೆಸಿದ್ದರು. ಉಜ್ಜನಪ್ಪನವರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಡೇಸಾಬನನ್ನು ಎದುರಿಗೆ ತಂದು ನಿಲ್ಲಿಸಿದರು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನನ್ನನ್ನು ಕಂಡು ಅವನ ಮುಖ ಅರಳಿತು ಕಣವ್ವ. "ಬಂದ್ರು ನೋಡ್ರಿ ಸಾಹೇಬ್ರೆ! ಇವ್ರೇ ಬರ್ದಿದ್ದು. ಕೇಳ್ರಿ, ಪಿಚ್ಚರಿನ ಮಾತು ಅದು" ಅಂದ. ಸಾಹೇಬರು ಚೀಟಿ ಮುಂದೆ ಹಿಡಿದು "ಅಕ್ಷರ ನಿಮ್ದೇನ್ರಿ?" ಎಂದು ಕೇಳಿದರು. ಅಲ್ಲ ಅಂದೆ. ಬಡೇಸಾಬ್ ನನ್ನನ್ನೇ ನೋಡಿದ. ಉಗಿಯುತ್ತಾನೆ ಅಂದುಕೊಂಡೆ. "ಹೌದ್ರಿ ಸಾಹೇಬ್ರೆ, ನಂದೇ ತಪ್ಪಾತು. ಇವ್ರದಲ್ಲ ಅದು. ಅವ್ರಿಗೆ ಮಗಳದಾಳೆ, ಮನಿಗೆ ಕಳ್ಸ್ರಿ" ಅಂದ. ನಾನು ಎದ್ದು ಮನೆಗೆ ಬಂದೆ.

ಈ ಕಾಗದ ಸುಡಬೇಡ. ಹೋಗಿ ಹೇಳಿಬಿಡುತ್ತೇನೆ ಎಂದು ದಿನಾ ಚಪ್ಪಲಿ ಮೆಟ್ಟುತ್ತೇನೆ, ಓಣಿಯ ತುದಿಯಿಂದ ತಿರುಗಿ ಬರುತ್ತೇನೆ. ನನ್ನನ್ನು ನಂಬಬೇಡ. ಇದು ತಲುಪಿದ ದಿನವೇ ಬಸ್ಸು ಹತ್ತಿ ಬಾ. ಮನೆಗೆ ಬರಬೇಡ, ಬಂದರೆ ನಾನು ಕಾಲು ಹಿಡಿದು ತಡೆಯುತ್ತೇನೆ. ನೇರವಾಗಿ ಠಾಣೆಗೆ ಹೋಗಿ ಇದನ್ನು ಸಾಹೇಬರ ಕೈಗೆ ಕೊಡು. ಅಕ್ಷರ ತಾಳೆ ನೋಡಲಿ.