ನೀರಿನ ಬಲೂನು ಬಿಟ್ಟವನ ತಪ್ಪೊಪ್ಪಿಗೆ

ಛತ್ರಿ ಕಾರ್ಖಾನೆಯ ಮಹಾಯಜಮಾನರಾದ ಕುವಬಾರಾ ಅವರ ಸನ್ನಿಧಿಗೆ,

ಛತ್ರಿಗಳ ಗುಣಪರೀಕ್ಷೆಯೆಂಬ ಘನ ಉದ್ದೇಶದಿಂದ ಕಾರ್ಖಾನೆಯ ಮಹಡಿಯಿಂದ ಹೊಲಿಗೆ ವಿಭಾಗದ ಉಮೆಜು ಅಕ್ಕನ ಮೇಲೆ ನೀರಿನ ಬಲೂನು ಬಿಟ್ಟವನು ನಾನೇ. ಅವರ ಕೈಯಲ್ಲಿ ಛತ್ರಿ ಇರಲಿಲ್ಲವೆಂಬುದು ಸಣ್ಣ ಲೋಪ.

"ಕೆಳಗೆ ಯಾರಿದ್ರು ಅಂತ ನೋಡಿದ್ಯೇನೋ?" ಅಂದಿರಿ.

"ಅಷ್ಟು ಮೇಲಿಂದ ಬರೀ ನೆತ್ತಿ ಕಾಣುತ್ತೆ ಯಜಮಾನ್ರೇ, ಮುಖ ಕಾಣಲ್ಲ" ಅಂದೆ.

ನೀವು ಬೈಯಲಿಲ್ಲ. "ನೀನಾದ್ರೆ ಇಳಿದುಹೋಗಿ ಕ್ಷಮೆ ಕೇಳಬಹುದು, ಹೋಗು" ಎಂದು ಮನೆಗೆ ನಡೆದಿರಿ. ಮೂರು ದಿನದಿಂದ ಬಂದಿಲ್ಲ.

ಯುದ್ಧದಲ್ಲಿ ನೀವು ಬಾಂಬರ್ ವಿಮಾನ ಹಾರಿಸಿದ್ದನ್ನು ಉಮೆಜು ಅಕ್ಕ ಇವತ್ತು ಹೇಳಿದರು. ನನ್ನನ್ನು ಅವರು ಅಂದೇ ಕ್ಷಮಿಸಿ, ಚಹಾನೂ ಕೊಟ್ಟಿದ್ದರು. ಕ್ಷಮೆ ನನಗೆ ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ ಎಂದು ಈಗ ನಾಚಿಕೆಯಾಗುತ್ತಿದೆ.

ಮಹಡಿಯ ಬೀಗದ ಕೈ ಈ ಲಕೋಟೆಯೊಳಗಿದೆ, ಇನ್ನು ನಾನು ಅಲ್ಲಿಗೆ ಹತ್ತುವುದಿಲ್ಲ. ದಯವಿಟ್ಟು ನಾಳೆ ಬನ್ನಿ.

ತಲೆತಗ್ಗಿಸಿ,
ಪ್ಯಾಕಿಂಗ್ ವಿಭಾಗದ ತೋಕುಜಿ